ಮುಚ್ಚಳಿಕೆ ಬರೆಸಿಕೊಂಡರೆ ಜಗಳ ಮುಗಿಯಿತಾ?

ಜನವರಿ ತಿಂಗಳು, ಕಾಫಿ ಕೊಯ್ಲಿನ ಸಮಯ. ನಾನಾಗ ಕೊಡಗಿನ ಸಿದ್ದಾಪುರದ ಕಡೆಯ ಒಂದು ಶಾಲೆಯಲ್ಲಿ ಎಂಟನೇ ಕ್ಲಾಸಿನ ಟೀಚರ್. ನನ್ನ ಕ್ಲಾಸಿನ ಒಬ್ಬ ಹುಡುಗ ಇನ್ನೊಬ್ಬನ ಹಾಕಿ ಸ್ಟಿಕ್ಕನ್ನು ಮೆಟ್ಟಿಲಿಗೆ ಬಡಿದು ಮುರಿದು ಹಾಕಿದ. ಮುರಿದವನ ಅಪ್ಪ ಅಮ್ಮ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರು, ಕೂಲಿಯವರಿಗೆ ತೋಟದಲ್ಲೇ ಕಟ್ಟಿದ ಲೈನ್ ಮನೆಯಲ್ಲಿ ಇದ್ದರು. ಸ್ಟಿಕ್ ಕಳೆದುಕೊಂಡವನ ಮನೆಯವರು ಮಾರನೇ ದಿನವೇ ಆಫೀಸಿಗೆ ಬಂದು, ದುಡ್ಡು ಕಟ್ಟಿಸಿ, ಇಲ್ಲದಿದ್ದರೆ ಟಿಸಿ ಕೊಟ್ಟು ಕಳಿಸಿ ಅಂದರು.

ಹುಡುಗನ ತಾಯಿ ಒಂದು ದಿನದ ಕೂಲಿ ಬಿಟ್ಟು ಬಂದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಮಾತು ತಿಳಿಸಿ ಹೇಳಲು ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಜೊತೆಯಲ್ಲಿ ಬಂದಿದ್ದರು. ಮುಚ್ಚಳಿಕೆಯನ್ನು ನಾನೇ ಬರೆದೆ. ಇನ್ನು ಮುಂದೆ ಹೀಗೆ ಮಾಡುವುದಿಲ್ಲ, ಮಾಡಿದರೆ ಶಾಲೆಯವರು ಕೈಗೊಳ್ಳುವ ಕ್ರಮಕ್ಕೆ ಬದ್ಧನಾಗಿರುತ್ತೇನೆ ಅಂತ. ಹುಡುಗ ಸಹಿ ಹಾಕಿದ, ತಾಯಿ ಹೆಬ್ಬೆಟ್ಟು ಒತ್ತಿದರು. ಸಾರಿ ಕೇಳು ಅಂದೆವು, ಕೇಳಿದ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು ಅಂದುಕೊಂಡೆ.

ಆ ಹುಡುಗನಿಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಸರಿಯಾಗಿ ಬರುತ್ತಿರಲಿಲ್ಲ. ತಾನು ಸಹಿ ಹಾಕಿದ ಕಾಗದದಲ್ಲಿ ಏನು ಬರೆದಿದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಹತ್ತು ದಿನದ ಮೇಲೆ ಶಾಲೆಗೆ ಬರುವುದನ್ನು ನಿಲ್ಲಿಸಿದ. ಕೊಯ್ಲು ಮುಗಿದ ಮೇಲೆ ಮನೆಯವರು ಬೇರೆ ತೋಟಕ್ಕೆ ಹೋದರು. ಆಮೇಲೆ ಮಕ್ಕಳ ಬಾಯಿಂದ ಒಂದೊಂದಾಗಿ ಹೊರಬಂತು. ಜೂನ್‌ನಿಂದಲೂ ಕ್ಲಾಸಿನಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆದಿರಲಿಲ್ಲ. 'ಬಾಂಗ್ಲಾ' ಅಂತಲೇ ಕರೆಯುತ್ತಿದ್ದರು. ಆಟಕ್ಕೆ ಸೇರಿಸದೆ, ಪೊದೆಗೆ ಹೋದ ಬಾಲ್ ಹೆಕ್ಕಿ ತರಲು ಮಾತ್ರ ಕೂಗುತ್ತಿದ್ದರು.

ಸ್ಟಿಕ್ ಕಳೆದುಕೊಂಡವನನ್ನೂ ನಾವು ಏನೂ ಕೇಳಲಿಲ್ಲ. ಅದು ಅವನ ಸೋದರಮಾವ ಕೊಡಿಸಿದ ಸ್ಟಿಕ್ ಅಂತೆ. ಬೇಸಿಗೆಯಲ್ಲಿ ಕೊಡವ ಮನೆತನಗಳ ನಡುವೆ ನಡೆಯುವ ಕೌಟುಂಬಿಕ ಹಾಕಿಯಲ್ಲಿ ಮನೆಯ ಟೀಮಿಗೆ ಆಡಬೇಕು ಅಂತ ಆಸೆ ಇಟ್ಟುಕೊಂಡಿದ್ದ. ಅವನಿಗೆ ದುಡ್ಡು ಬಂತು. ತನ್ನನ್ನೇ ಯಾಕೆ ಆರಿಸಿಕೊಂಡ ಅನ್ನುವ ಪ್ರಶ್ನೆಗೆ ಉತ್ತರ ಮಾತ್ರ ಬರಲಿಲ್ಲ.

ಶಾಲೆಗಳಲ್ಲಿ 'ರೆಸ್ಟೋರೇಟಿವ್' ಪದ್ಧತಿ ಅಂತ ಈಚೆಗೆ ಕೇಳುತ್ತಿರುವ ವಿಷಯದ ಬಗ್ಗೆ ಬರೆಯಲು ನನಗೆ ಈ ಘಟನೆಯೇ ಕಾರಣ. ಕನ್ನಡದಲ್ಲಿ ಪುನಃಸ್ಥಾಪನೆ ಅಂತೆಲ್ಲ ಬರೆಯುತ್ತಾರೆ, ನಾನು 'ಕೂಡಿಸುವ ದಾರಿ' ಅಂತ ಕರೆಯುತ್ತೇನೆ. ಶಿಕ್ಷೆಯ ದಾರಿಯಲ್ಲಿ ನಾವು ಕೇಳುವುದು ಮೂರೇ ಪ್ರಶ್ನೆ: ಯಾವ ನಿಯಮ ಮುರಿಯಿತು, ಯಾರು ಮುರಿದರು, ಅವರಿಗೆ ಏನು ಮಾಡಬೇಕು. ಅಮೆರಿಕದ ಹೋವರ್ಡ್ ಝೆಹ್ರ್ ಈ ವಿಚಾರದ ಬಗ್ಗೆ ಮೊದಲು ಬರೆದವರಲ್ಲಿ ಒಬ್ಬರು. ಅವರು ಪ್ರಶ್ನೆಗಳನ್ನೇ ಬದಲಾಯಿಸಿದರು. ಯಾರಿಗೆ ನೋವಾಯಿತು? ಅವರಿಗೆ ಈಗ ಏನು ಬೇಕು? ಅದನ್ನು ಸರಿಮಾಡುವ ಹೊಣೆ ಯಾರದು?

ಕೇಳಲು ಸಣ್ಣ ಬದಲಾವಣೆ ಅನ್ನಿಸುತ್ತದೆ. ಆದರೆ ಹಾಕಿ ಸ್ಟಿಕ್ಕಿನ ಜಗಳಕ್ಕೆ ಇದನ್ನು ಹಚ್ಚಿ ನೋಡಿ. ಯಾರಿಗೆ ನೋವಾಯಿತು ಅಂತ ಕೇಳಿದ ಕೂಡಲೇ ಇಬ್ಬರ ಹೆಸರೂ ಬರುತ್ತದೆ. ಹೊಣೆ ಯಾರದು ಅಂದಾಗ ಅಡ್ಡಹೆಸರು ಇಟ್ಟು ಕರೆದ ಇಡೀ ಕ್ಲಾಸು, ಏಳು ತಿಂಗಳು ಅದನ್ನು ಗಮನಿಸದೇ ಇದ್ದ ನಾನು, ಎಲ್ಲರೂ ಒಳಗೆ ಬರುತ್ತೇವೆ. ಸ್ಟಿಕ್ ಮುರಿದದ್ದು ತಪ್ಪು ಅನ್ನುವುದು ಆಗಲೂ ಹಾಗೇ ಉಳಿಯುತ್ತದೆ. ಅವನೇ ಅದನ್ನು ಸರಿಮಾಡಬೇಕು. ಆದರೆ ಯಾರ ಮುಂದೆ, ಹೇಗೆ ಅನ್ನುವುದು ಬೇರೆಯಾಗುತ್ತದೆ.

ಈ ದಾರಿ ಎಲ್ಲಿಂದ ಬಂತು ಅಂತ ಚುಟುಕಾಗಿ ಹೇಳಿಬಿಡುತ್ತೇನೆ. 1974ರಲ್ಲಿ ಕೆನಡಾದ ಎಲ್ಮೈರಾ ಅನ್ನುವ ಸಣ್ಣ ಊರಿನಲ್ಲಿ ಇಬ್ಬರು ಹುಡುಗರು ಕುಡಿದು ಒಂದೇ ರಾತ್ರಿ 22 ಕಡೆ ಹಾನಿ ಮಾಡಿದರು. ಪ್ರೊಬೇಷನ್ ಅಧಿಕಾರಿ ಮಾರ್ಕ್ ಯಾಂಟ್ಸಿ ಅವರ ಸಲಹೆ ಮೇಲೆ ಆ ಹುಡುಗರು ಹಾನಿಯಾದವರ ಮನೆಬಾಗಿಲಿಗೆ ಹೋಗಿ, ಮುಖ ನೋಡಿ ಮಾತಾಡಿ, ನಷ್ಟ ತುಂಬಿಕೊಟ್ಟರು. ನ್ಯೂಜಿಲೆಂಡ್ 1989ರಲ್ಲಿ ಕಾನೂನನ್ನೇ ಮಾಡಿ, ಮಾವೋರಿ ಜನರ ಕುಟುಂಬ ಕೂಟದ ಪದ್ಧತಿಯನ್ನು ಮಕ್ಕಳ ಪ್ರಕರಣಗಳಿಗೆ ತಂದಿತು. ಶಾಲೆಯೊಳಗೆ ಇದು ಕಾಲಿಟ್ಟದ್ದು 1994ರಲ್ಲಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಒಂದು ಹೈಸ್ಕೂಲಿನಲ್ಲಿ ಹಲ್ಲೆ ನಡೆದ ಮೇಲೆ ಮಾರ್ಗರೆಟ್ ಥೋರ್ಸ್‌ಬೋರ್ನ್ ಅನ್ನುವವರು ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸಿದರು.

ನಮ್ಮ ಜಿಲ್ಲೆಯಲ್ಲಿ ಈ ಮಾತು ಎತ್ತಿದರೆ ಮೊದಲು ಬರುವ ಉತ್ತರ, ಶಿಸ್ತು ಹಾಳಾಗುತ್ತದೆ ಅಂತ. ಇದನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಸೈನ್ಯ ಮತ್ತು ಹಾಕಿ ಎರಡೂ ಮನೆಮನೆಯಲ್ಲಿ ಇರುವ ಜಾಗ ಇದು. ಶಿಸ್ತು ಅನ್ನುವುದು ಇಲ್ಲಿ ಬಾಯಿಮಾತು ಅಲ್ಲ, ಹೆಮ್ಮೆಯ ವಿಷಯ. ಆದರೆ ಒಳ್ಳೆಯ ಹಾಕಿ ಕೋಚ್ ಏನು ಮಾಡುತ್ತಾರೆ ನೋಡಿ. ಬಿಗಿಯಾಗಿ ಇರುತ್ತಾರೆ, ಜೊತೆಗೂ ಇರುತ್ತಾರೆ. ಪೌಲ್ ಮೆಕೋಲ್ಡ್ ಮತ್ತು ಟೆಡ್ ವಾಕ್ಟೆಲ್ ಅನ್ನುವ ಇಬ್ಬರು ಇದನ್ನೇ ನಾಲ್ಕು ಮನೆಯ ಚೌಕದಲ್ಲಿ ತೋರಿಸಿದರು. ಬಿಗಿ ಮಾತ್ರ ಇದ್ದು ಆಸರೆ ಇಲ್ಲದಿದ್ದರೆ ಅದು ಶಿಕ್ಷೆ. ಆಸರೆ ಇದ್ದು ಬಿಗಿ ಇಲ್ಲದಿದ್ದರೆ ಮುದ್ದು. ಎರಡೂ ಇಲ್ಲದಿದ್ದರೆ ಮಗುವನ್ನು ಕೈಬಿಟ್ಟಂತೆ. ಎರಡೂ ಸೇರಿದಾಗ ಮಾತ್ರ ಕೂಡಿಸುವ ದಾರಿ. ತಾನು ನೋಯಿಸಿದವರ ಎದುರು ಕೂತು, ನಾನು ಮಾಡಿದ್ದು ಇದು ಅಂತ ಹೇಳುವುದು ಬಸ್ಕಿ ಹೊಡೆಯುವುದಕ್ಕಿಂತ ಎಷ್ಟೋ ಕಷ್ಟ. ಬಸ್ಕಿ ಹೊಡೆಯುವಾಗ ಮಗು ಎಣಿಸುತ್ತಾ ಇರುತ್ತದೆ, ಅಷ್ಟೆ. ತಾನು ಮಾಡಿದ್ದರ ಬಗ್ಗೆ ಯೋಚಿಸಬೇಕಾದ ಅಗತ್ಯವೇ ಇಲ್ಲ.

ಕಾನೂನು ಏನು ಹೇಳುತ್ತದೆ ಅಂತಲೂ ಗೊತ್ತಿರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. 16ನೇ ಸೆಕ್ಷನ್ ಪ್ರಕಾರ ಎಂಟನೇ ಕ್ಲಾಸು ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿ ಫೇಲ್ ಮಾಡುವ ವಿಷಯವನ್ನು ಬದಲಾಯಿಸಿತು, ಹೊರಹಾಕುವುದರ ಮೇಲಿನ ನಿಷೇಧ ಹಾಗೇ ಇದೆ. ಅಂದರೆ ಆ ದಿನ ಆಫೀಸಿನಲ್ಲಿ ಟಿಸಿಯ ಮಾತು ಆಡಿದ್ದೇ ತಪ್ಪು. ಇನ್ನೊಂದು ವಿಷಯ ನನಗೆ ಬಹಳ ಕಾಡುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 18ನೇ ಸೆಕ್ಷನ್‌ನಲ್ಲಿ, ಅಪರಾಧ ಮಾಡಿದ ಮಗುವಿಗೂ ಬುದ್ಧಿ ಹೇಳಿ ಮನೆಗೆ ಕಳಿಸುವ, ಗುಂಪಿನಲ್ಲಿ ಕೂರಿಸಿ ಆಪ್ತಸಲಹೆ ಕೊಡುವ, ಸಮುದಾಯ ಸೇವೆ ಮಾಡಿಸುವ ದಾರಿಗಳಿವೆ. ಪೊಲೀಸ್ ಕೇಸಾದ ಮಗುವಿಗೆ ಕಾನೂನು ಕೊಟ್ಟಿರುವ ಅವಕಾಶವನ್ನು ಸ್ಟಿಕ್ ಮುರಿದ ಮಗುವಿಗೆ ನಾವು ಕೊಡಲಿಲ್ಲ.

ಈಗ ನನಗೆ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ಕೂತು ಮಾತಾಡಿ ಬಗೆಹರಿಸುವುದು ಕೊಡಗಿಗೆ ಹೊಸದಲ್ಲ ಅಂತ ಹೇಳುವವರಿದ್ದಾರೆ. ಹೌದು. ಊರಿಗೆ ಒಬ್ಬರು, ನಾಡಿಗೆ ಒಬ್ಬರು ತಕ್ಕರು ಅನ್ನುವ ಹಿರಿಯರು ಇದ್ದರು, ಜಗಳ ಅವರ ಮುಂದೆ ಬರುತ್ತಿತ್ತು. ಒಕ್ಕದ, ಅಂದರೆ ಒಂದು ಮನೆತನದ, ಒಳಗಿನ ತಕರಾರನ್ನು ಅದರ ಹಿರಿಯರಾದ ಪಟ್ಟೆದಾರರು ಮೂಲಮನೆಯಾದ ಐನ್‌ಮನೆಯಲ್ಲೇ ಮುಗಿಸುತ್ತಿದ್ದರು. ಇವತ್ತಿಗೂ ಕೋರ್ಟಿಗೆ ಹೋಗುವ ಮೊದಲು ಹಿರಿಯರ ಹತ್ತಿರ ಹೋಗುವವರು ಇದ್ದಾರೆ. ಎದುರು ಬದುರು ಕೂತರೆ ಅರ್ಧ ಕೋಪ ಇಳಿಯುತ್ತದೆ ಅನ್ನುವ ತಿಳುವಳಿಕೆ ನಮ್ಮಲ್ಲಿ ಇದ್ದದ್ದೇ.

ಆದರೆ ಅದೇ ಮಾತಿನಲ್ಲಿ ಒಂದು ತೊಡಕೂ ಇದೆ. ನಮಗೆ ಚೆನ್ನಾಗಿ ಗೊತ್ತಿರುವುದು ರಾಜಿ. ರಾಜಿಯಲ್ಲಿ ಜಗಳ ನಿಲ್ಲಬೇಕು, ಅಷ್ಟೇ ಗುರಿ. ಯಾರಿಗೆ ಜಾಸ್ತಿ ಬಲ ಇದೆಯೋ ಅವರು ಸ್ವಲ್ಪ ಬಿಡುತ್ತಾರೆ, ಯಾರಿಗೆ ಕಡಿಮೆ ಇದೆಯೋ ಅವರು ಪೂರ್ತಿ ಬಿಡುತ್ತಾರೆ, ಆಮೇಲೆ ಇಬ್ಬರೂ ಕೈಕುಲುಕುತ್ತಾರೆ. ಹಿರಿಯರ ಆ ಕೂಟಗಳಲ್ಲಿ ತೋಟದಲ್ಲಿ ದುಡಿಯುವ ಆದಿವಾಸಿ ಯರವರ ಮಾತಿಗೆ ಎಷ್ಟು ಬೆಲೆ ಇತ್ತು? ಹೆಣ್ಣುಮಕ್ಕಳ ಮಾತಿಗೆ? ಇದನ್ನು ಕೇಳಿಕೊಳ್ಳದೆ ಹಳೆಯ ಪದ್ಧತಿಯನ್ನೇ ಶಾಲೆಗೆ ತಂದರೆ, ಬೆತ್ತದ ಜಾಗದಲ್ಲಿ ರಾಜಿ ಬರುತ್ತದೆ. ನೋವಾದ ಮಗು ಸುಮ್ನೆ ತಲೆ ಅಲ್ಲಾಡಿಸಿ ಎದ್ದು ಹೋಗುತ್ತದೆ.

ನಮ್ಮ ಒಂದು ಕ್ಲಾಸಿನಲ್ಲಿ ಎಷ್ಟು ಭಾಷೆ ಇದೆ ಅಂತ ಒಮ್ಮೆ ಎಣಿಸಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ, ಜೇನುಕುರುಬರ ಮಾತು, ಈಗ ಅಸ್ಸಾಮಿ, ಬಂಗಾಳಿ, ಹಿಂದಿ. ಎಲ್ಲರೂ ಕನ್ನಡದಲ್ಲೋ ಇಂಗ್ಲಿಷ್‌ನಲ್ಲೋ ತಮ್ಮ ತಪ್ಪನ್ನೂ ನೋವನ್ನೂ ಹೇಳಬೇಕು. ಚೆನ್ನಾಗಿ ಮಾತಾಡುವ ಮಗು ಪಶ್ಚಾತ್ತಾಪ ಪಟ್ಟಂತೆ ಕಾಣುತ್ತದೆ. ಮಾತು ಬರದ ಮಗು ಮೊಂಡು ಅನ್ನಿಸಿಕೊಳ್ಳುತ್ತದೆ. ಹಾಕಿ ಸ್ಟಿಕ್ಕಿನ ಹುಡುಗ ಆ ಅರ್ಧ ಗಂಟೆ ನೆಲ ನೋಡುತ್ತಾ ನಿಂತಿದ್ದ, 'ನೋಡಿ, ಎಷ್ಟು ಅಹಂಕಾರ' ಅಂತ ಯಾರೋ ಅಂದರು, ನಾನು ಅದನ್ನು ಅಲ್ಲಗಳೆಯಲಿಲ್ಲ. ಅವನ ತಾಯಿಗೆ ಅನುವಾದ ಮಾಡಿದವರು ಅವರಿಗೆ ದಿನಾ ಕೆಲಸ ಹಂಚುವ, ಹಾಜರಿ ಬರೆಯುವ ರೈಟರ್. ಅವರ ಮುಂದೆ ಆ ತಾಯಿ ನನ್ನ ಮಗನಿಗೂ ಅನ್ಯಾಯ ಆಗಿದೆ ಅಂತ ಬಾಯಿ ಬಿಡಲು ಸಾಧ್ಯವಿತ್ತಾ?

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ. ಕೊಡಗಿನ ಶಾಲೆಯಲ್ಲಿ ಈ ದಾರಿ ನಿಲ್ಲುವುದೋ ಬೀಳುವುದೋ ಅನ್ನುವುದು, ಕೂತವರಲ್ಲಿ ಎಲ್ಲರಿಗಿಂತ ಕಡಿಮೆ ಮಾತು ಇರುವ ಮಗುವಿಗೆ ತನ್ನ ಭಾಷೆಯಲ್ಲಿ, ತನ್ನವರು ಒಬ್ಬರು ಪಕ್ಕದಲ್ಲಿ ಇರುವಾಗ, ಮಾತಾಡಲು ಆಗುತ್ತದಾ ಅನ್ನುವುದರ ಮೇಲೆ ನಿಂತಿದೆ.

ಎರಡು ವರ್ಷದ ಮೇಲೆ ಇದನ್ನು ಮಾಡಿ ನೋಡುವ ಸಂದರ್ಭ ಬಂತು. ಒಂಬತ್ತನೇ ಕ್ಲಾಸಿನ ಒಬ್ಬಳು ಯರವ ಹುಡುಗಿ ಪಾಠ ಓದುವ ರೀತಿಯನ್ನು ಮೂವರು ಅಣಕಿಸಿ, ಅವರಲ್ಲಿ ಒಬ್ಬರ ಅಮ್ಮನ ಫೋನಿನಲ್ಲಿ ವಿಡಿಯೋ ಮಾಡಿ ಹಂಚಿದ್ದರು. ಈ ಸಲ ನಾನು ತಕ್ಷಣ ಎಲ್ಲರನ್ನೂ ಒಟ್ಟಿಗೆ ಕರೆಯಲಿಲ್ಲ. ಮೊದಲು ವಿಡಿಯೋ ಎಲ್ಲ ಕಡೆಯಿಂದ ಅಳಿಸಿಸಿದೆವು. ಆಮೇಲೆ ನಾಲ್ಕು ದಿನ ಒಬ್ಬೊಬ್ಬರ ಹತ್ತಿರ ಬೇರೆ ಬೇರೆ ಕೂತು ಮಾತಾಡಿದೆ. ಆ ಮೂವರನ್ನು ಕೇಳಿದ್ದು ಈ ಪದ್ಧತಿಯಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನೇ. ಏನಾಯಿತು? ಆಗ ಮನಸ್ಸಿನಲ್ಲಿ ಏನಿತ್ತು? ಈಗ ಏನು ಅನ್ನಿಸುತ್ತಿದೆ? ಯಾರಿಗೆಲ್ಲ ತೊಂದರೆ ಆಯಿತು? ಸರಿಮಾಡಲು ಏನು ಮಾಡಬಹುದು? ಇಲ್ಲಿ 'ಯಾಕೆ ಮಾಡಿದೆ' ಅನ್ನುವ ಪ್ರಶ್ನೆ ಬೇಕೆಂದೇ ಇಲ್ಲ. ಯಾಕೆ ಅಂದ ಕೂಡಲೇ ಮಗು ನೆಪ ಹುಡುಕುತ್ತದೆ, ಇದನ್ನು ಯಾವ ತಾಯಿಯನ್ನು ಕೇಳಿದರೂ ಹೇಳುತ್ತಾರೆ.

ಹುಡುಗಿಯನ್ನು ಕೇಳಿದ್ದು, ನಿನಗೆ ಅವರ ಜೊತೆ ಕೂರಲು ಇಷ್ಟ ಇದೆಯಾ, ಇಲ್ಲ ಅಂದರೂ ಪರವಾಗಿಲ್ಲ ಅಂತ. ಇಷ್ಟ ಇಲ್ಲದೆ ಕೂರಿಸಿದರೆ ಅದು ಎರಡನೇ ಸಲ ನೋಯಿಸಿದಂತೆ. ಎರಡು ದಿನ ಬೇಡ ಅಂದಳು. ಮೂರನೇ ದಿನ, ಅಕ್ಕ ಬಂದರೆ ಕೂರುತ್ತೇನೆ ಅಂದಳು. ದೊಡ್ಡಮ್ಮನ ಮಗಳು ಆ ಅಕ್ಕ, ಪಿಯುಸಿ ಓದುತ್ತಿದ್ದಳು. ಆರು ಜನ ಸುತ್ತ ಕೂತೆವು. ಹುಡುಗಿ ತನ್ನ ಮಾತಿನಲ್ಲೇ ಹೇಳಿದಳು, ಅಕ್ಕ ಕನ್ನಡದಲ್ಲಿ ತಿಳಿಸಿದಳು.

ಅವಳು ಕೇಳಿದ್ದು ಸಾರಿಯನ್ನು ಅಲ್ಲ. ತನ್ನನ್ನು ಎದ್ದು ನಿಲ್ಲಿಸಿ, ಎಲ್ಲರ ಮುಂದೆ, ತಪ್ಪಿದ ಕಡೆಯೆಲ್ಲ ತಿದ್ದುತ್ತಾ ಓದಿಸಬಾರದು ಅಂತ. ನಿಲ್ಲಿಸಿ ಓದಿಸುತ್ತಿದ್ದವಳು ನಾನು. ಮಕ್ಕಳು ನಗಲು ಕಲಿತದ್ದು ನನ್ನ ತರಗತಿಯಲ್ಲಿ. ಆ ಮಾತು ಕೇಳಿ ನಾನು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಆ ಮೂವರ ಜೊತೆಗೆ ನಾನೂ ಏನು ಸರಿಮಾಡುತ್ತೇನೆ ಅಂತ ಹೇಳಿದೆ. ಈಗ ನನ್ನ ಕ್ಲಾಸಿನಲ್ಲಿ ಮಕ್ಕಳು ಜೋಡಿಯಾಗಿ ಓದುತ್ತಾರೆ, ಕೂತೇ ಓದುತ್ತಾರೆ. ಮೂವರಲ್ಲಿ ಇಬ್ಬರು ಅವಳ ಜೊತೆ ಮಾತಾಡುತ್ತಾರೆ. ಒಬ್ಬಳು ಇವತ್ತಿಗೂ ದೂರವೇ. ಸ್ನೇಹಿತರಾಗಲೇಬೇಕು ಅಂತ ಯಾರೂ ಒಪ್ಪಂದ ಮಾಡಿಕೊಂಡಿರಲಿಲ್ಲ, ಒತ್ತಾಯ ಮಾಡುವುದೂ ಸರಿಯಲ್ಲ.

ಮಾನದ ವಿಷಯವೂ ಇಲ್ಲೇ ಬರುತ್ತದೆ. ಆಸ್ಟ್ರೇಲಿಯಾದ ಅಪರಾಧಶಾಸ್ತ್ರಜ್ಞ ಜಾನ್ ಬ್ರೈತ್‌ವೇಟ್ 1989ರಲ್ಲಿ ಒಂದು ಮಾತು ಹೇಳಿದ್ದರು. ನಾಚಿಕೆಯಲ್ಲಿ ಎರಡು ಬಗೆ ಇದೆ. ಮಾಡಿದ ಕೆಲಸಕ್ಕೆ ನಾಚಿಕೆ ಹುಟ್ಟಿಸಿ, ಆಮೇಲೆ ಆ ವ್ಯಕ್ತಿಯನ್ನು ಮತ್ತೆ ಒಳಗೆ ಸೇರಿಸಿಕೊಳ್ಳುವುದು ಒಂದು. ವ್ಯಕ್ತಿಗೇ ಹಣೆಪಟ್ಟಿ ಕಟ್ಟಿ ಹೊರಗೆ ನಿಲ್ಲಿಸುವುದು ಇನ್ನೊಂದು. ಹಾಗೆ ಹೊರಗೆ ನಿಂತವರು ತಮ್ಮಂತೆಯೇ ಹೊರಗಿರುವವರ ಗುಂಪು ಸೇರುತ್ತಾರೆ. ಬೆಳಗಿನ ಪ್ರಾರ್ಥನೆಯಲ್ಲಿ ಹುಡುಗನನ್ನು ಮುಂದೆ ಕರೆದು 'ಇವನನ್ನು ನೋಡಿ' ಅನ್ನುವುದು ಎರಡನೇ ಬಗೆ. ಮೈಮೇಲೆ ಕೈ ಹಾಕದಿದ್ದರೂ ಅದು ಏಟೇ.

ಹಾಗಾದರೆ ಇದು ಎಲ್ಲ ಕಡೆ ಕೆಲಸ ಮಾಡುತ್ತದಾ? ಅಳೆದು ನೋಡಿದವರು ಪೂರ್ತಿ ಹೌದು ಅನ್ನುವುದಿಲ್ಲ. ಅಮೆರಿಕದ ಪಿಟ್ಸ್‌ಬರ್ಗ್‌ನ 44 ಶಾಲೆಗಳಲ್ಲಿ ರ್‍ಯಾಂಡ್ ಅನ್ನುವ ಸಂಶೋಧನಾ ಸಂಸ್ಥೆ ಎರಡು ವರ್ಷ ನಡೆಸಿದ ಅಧ್ಯಯನದ ವರದಿ 2018ರಲ್ಲಿ ಬಂತು. ಸಸ್ಪೆಂಡ್ ಆಗಿ ಮಕ್ಕಳು ಕಳೆದುಕೊಳ್ಳುವ ದಿನಗಳು ಕಡಿಮೆಯಾದವು, ಶಾಲೆಯ ವಾತಾವರಣ ಸುಧಾರಿಸಿತು ಅಂತ ಶಿಕ್ಷಕರು ಹೇಳಿದರು. ಆದರೆ 6ರಿಂದ 8ನೇ ತರಗತಿಯ ಮಕ್ಕಳ ಕಲಿಕೆ ಕೆಳಗಿಳಿಯಿತು. ಅದೇ ವರ್ಷ ಇಂಗ್ಲೆಂಡಿನ 40 ಶಾಲೆಗಳ ಅಧ್ಯಯನವೂ ಪ್ರಕಟವಾಯಿತು. ಮೂರು ವರ್ಷದಲ್ಲಿ ಪೀಡಿಸುವುದು ಸ್ವಲ್ಪ ಕಡಿಮೆಯಾಗಿತ್ತು, ಹೊಡೆದಾಟದಂಥ ಆಕ್ರಮಣ ಕಡಿಮೆಯಾಗಿರಲಿಲ್ಲ.

ನಾನು ಇದನ್ನು ಹೀಗೆ ಓದುತ್ತೇನೆ. ಸಣ್ಣ ಮಕ್ಕಳಿಗೆ ದಿನವಿಡೀ ಒಬ್ಬರೇ ಟೀಚರ್ ಇರುತ್ತಾರೆ, ಸಂಬಂಧ ಮೊದಲೇ ಇರುತ್ತದೆ. ದೊಡ್ಡ ತರಗತಿಗಳಲ್ಲಿ ಪೀರಿಯಡ್‌ಗೊಬ್ಬರು ಬಂದು ಹೋಗುತ್ತಾರೆ. ಅಲ್ಲಿ ಎರಡು ದಿನದ ಟ್ರೈನಿಂಗ್ ಕೊಟ್ಟು, ಇನ್ನು ಸುತ್ತ ಕೂರಿಸಿ ಅಂದರೆ ಪಾಠದ ಸಮಯ ಹೋಗುತ್ತದೆ, ಕೂಡಿಸಲು ಸಂಬಂಧವೂ ಇರುವುದಿಲ್ಲ. ಇಲ್ಲದ ಸಂಬಂಧವನ್ನು ಮತ್ತೆ ಸರಿಮಾಡುವುದು ಹೇಗೆ? ಈ ದಾರಿಯ ಹೆಚ್ಚಿನ ಕೆಲಸ ಜಗಳಕ್ಕೆ ಮೊದಲೇ ನಡೆಯಬೇಕು. ವಾರಕ್ಕೆ ಒಂದು ದಿನ ಹದಿನೈದು ನಿಮಿಷ ಸುತ್ತ ಕೂತು, ಒಬ್ಬರ ನಂತರ ಒಬ್ಬರು, ಈ ವಾರ ಏನು ಖುಷಿ ಆಯಿತು, ಏನು ಕಷ್ಟ ಆಯಿತು ಅಂತ ಹೇಳುವುದು, ಅಷ್ಟೆ. ನಮ್ಮ ಕ್ಲಾಸಿನಲ್ಲಿ ಒಂದು ನಯವಾದ ಹೊಳೆಕಲ್ಲು ಕೈಯಿಂದ ಕೈಗೆ ಹೋಗುತ್ತದೆ. ಅದು ಕೈಯಲ್ಲಿ ಇರುವವರು ಮಾತ್ರ ಮಾತಾಡಬೇಕು. ಜೂನ್‌ನಲ್ಲೇ ಇದನ್ನು ಶುರು ಮಾಡಿದ್ದರೆ 'ಬಾಂಗ್ಲಾ' ಅನ್ನುವ ಹೆಸರು ನನ್ನ ಕಿವಿಗೆ ಜುಲೈಯಲ್ಲೇ ಬಿದ್ದಿರುತ್ತಿತ್ತು.

ಸಮಯದ ಕಷ್ಟ ನಮ್ಮಲ್ಲಿ ಇನ್ನೂ ಜಾಸ್ತಿ. ಮಳೆಗಾಲದಲ್ಲಿ ಡಿಸಿ ರಜೆ ಕೊಟ್ಟ ದಿನಗಳನ್ನು ಶನಿವಾರಗಳಲ್ಲಿ ತುಂಬಬೇಕು. ಶಾಲೆ ಬಿಟ್ಟ ಮೇಲೆ ಯಾರನ್ನೂ ನಿಲ್ಲಿಸಿಕೊಳ್ಳಲು ಆಗುವುದಿಲ್ಲ, ಇರುವ ಒಂದು ಬಸ್ಸು ಹೊರಟುಬಿಡುತ್ತದೆ. ಬಸ್ ತಪ್ಪಿದ ಮಗು ಆನೆ ಓಡಾಡುವ ತೋಟದ ದಾರಿಯಲ್ಲಿ ಕತ್ತಲಾಗುವ ಮೊದಲು ನಡೆದು ಮನೆ ಸೇರಬೇಕು. ಹಾಗಾಗಿ ಎಲ್ಲವೂ ಶಾಲೆಯ ಸಮಯದಲ್ಲೇ ಆಗಬೇಕು, ಮತ್ತು ಮುಖ್ಯ ಶಿಕ್ಷಕರು ಅದನ್ನು ಟೈಮ್ ಟೇಬಲ್‌ನಲ್ಲಿ ಬರೆಯಬೇಕು. ಒಬ್ಬ ಟೀಚರಿನ ಒಳ್ಳೆಯ ಮನಸ್ಸಿನ ಮೇಲೆ ಇದು ನಡೆಯುವುದಿಲ್ಲ. ಆದರೆ ನಮಗೆ ಒಂದು ಅನುಕೂಲವೂ ಇದೆ. ನಮ್ಮ ಎಷ್ಟೋ ಶಾಲೆಗಳು ಸಣ್ಣವು, ಪ್ರತಿ ಮಗುವಿನ ಮನೆ ಎಲ್ಲಿದೆ ಅಂತ ಟೀಚರಿಗೆ ಗೊತ್ತಿರುತ್ತದೆ. ಪಿಟ್ಸ್‌ಬರ್ಗ್‌ನಲ್ಲಿ ಕಟ್ಟಬೇಕಾದದ್ದು ಇಲ್ಲಿ ಅರ್ಧ ಕಟ್ಟಿಯೇ ಇದೆ.

ಕೂರಿಸಿ ಮಾತಾಡಬಾರದ ವಿಷಯಗಳೂ ಇವೆ, ಇದನ್ನು ಒತ್ತಿ ಹೇಳುತ್ತೇನೆ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕಿದರೆ ಸುತ್ತ ಕೂರಿಸುವುದೂ ಇಲ್ಲ, ಯಾವ ರಾಜಿಯೂ ಇಲ್ಲ. 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟವರಿಗೂ ಶಿಕ್ಷೆ ಇದೆ. ಮಕ್ಕಳ ಸಹಾಯವಾಣಿ 1098. ಶಾಲೆಯ ಹೆಸರು ಉಳಿಸಲು 'ನಾವೇ ಕೂತು ಮಾತಾಡಿಕೊಂಡೆವು' ಅನ್ನುವ ಮಾತನ್ನು ಯಾರಾದರೂ ಅಂಥ ಕಡೆ ಬಳಸಿದರೆ, ಅದು ಅಪರಾಧವನ್ನು ಮುಚ್ಚುವುದು. ದೊಡ್ಡವರು ಮಗುವನ್ನು ಹೊಡೆದಾಗಲೂ ಅಷ್ಟೆ, ಮೊದಲು ಕಾನೂನು. ಒಬ್ಬರನ್ನು ಕಂಡರೆ ಇನ್ನೊಬ್ಬರು ಇನ್ನೂ ನಡುಗುತ್ತಿದ್ದಾರೆ ಅಂದಾಗಲೂ ಎದುರು ಕೂರಿಸಬಾರದು.

ಹಾಗಂತ ಶುರು ಮಾಡಲು ಶಾಲೆಗಳು ಟ್ರೈನಿಂಗಿಗೆ ಕಾಯಬೇಕಾಗಿಲ್ಲ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಸಮಿತಿಯಲ್ಲಿ ಹಿಂದುಳಿದ, ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಜಾಗ ಇರಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ನಿಮ್ಮ ಶಾಲೆಯ ಎಸ್‌ಡಿಎಂಸಿಯಲ್ಲಿ (ಅಂದರೆ ಈ ಸಮಿತಿಯಲ್ಲಿ) ಲೈನ್ ಮನೆಯ ತಾಯಿ ಒಬ್ಬರು ಇದ್ದಾರಾ, ಆದಿವಾಸಿ ಹಾಡಿಯವರು ಇದ್ದಾರಾ, ನೋಡಿ. ಮುಂದಿನ ಸಭೆಯಲ್ಲಿ ಮುಚ್ಚಳಿಕೆಗಳ ಫೈಲನ್ನು ಮೇಜಿನ ಮೇಲೆ ಇಡಲು ಹೇಳಿ, ಮಕ್ಕಳ ಹೆಸರು ಮುಚ್ಚಿಯೇ ಇಡಲಿ. ನಮ್ಮ ಶಾಲೆಯಲ್ಲಿ ಹಾಗೆ ಮಾಡಿದಾಗ ಹೆಚ್ಚಿನ ಕಾಗದಗಳ ಕೆಳಗೆ ಇದ್ದದ್ದು ಹೆಬ್ಬೆಟ್ಟಿನ ಗುರುತು. ಒಂದೊಂದನ್ನೇ ಎತ್ತಿಕೊಂಡು ಮೂರು ವಿಷಯ ಕೇಳಿದೆವು. ಇದನ್ನು ಮಗುವಿಗೆ ಓದಿ ಹೇಳಿದ್ದು ಯಾರು? ನೋವಾದವರನ್ನು ಯಾರಾದರೂ ಏನು ಬೇಕು ಅಂತ ಕೇಳಿದರಾ? ಈ ಮಗು ಈಗ ಯಾವ ಶಾಲೆಯಲ್ಲಿ ಇದೆ?

ಹಾಕಿ ಸ್ಟಿಕ್ಕಿನ ಕಾಗದ ಬಂದಾಗ ಮೂರನೇ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಸಮಿತಿಯಲ್ಲಿದ್ದ ಒಬ್ಬರು ತೋಟಗಳಿಗೆ ಫೋನ್ ಮಾಡಿ ವಿಚಾರಿಸಲು ಶುರು ಮಾಡಿದ್ದಾರೆ.